ಬಾಕುಚಿಯಾಲ್ ಸೀರಮ್: ಬಸುರಿಯಾಗಿದ್ದಾಗ ಹಚ್ಚಬಹುದಾ, ಹಾಲು ಕುಡಿಸುವಾಗ?

ಪ್ರಶ್ನೆ: ಡಾಕ್ಟ್ರೇ, ನನಗೀಗ ಮೂರೂವರೆ ತಿಂಗಳು. ಮೊದಲು ರಾತ್ರಿ ಹೊತ್ತು ಮುಖಕ್ಕೆ ರೆಟಿನಾಲ್ ಕ್ರೀಮ್ ಹಚ್ತಾ ಇದ್ದೆ, ಟೆಸ್ಟ್ ಪಾಸಿಟಿವ್ ಬಂದ ದಿನಾನೇ ನಿಲ್ಲಿಸ್ದೆ. ಅದರ ಬದಲು ಬಾಕುಚಿಯಾಲ್ ಸೀರಮ್ ತಗೊಂಡೆ. ಗಿಡದಿಂದ ಮಾಡಿದ್ದು, ಗರ್ಭಿಣಿಯರಿಗೂ ಸೇಫ್ ಅಂತ ಬಾಟಲ್ ಮೇಲೆ ಬರ್ದಿದೆ. ಆದ್ರೆ ಒಂದು ಕಡೆ ಹಚ್ಚಿ ಅಂತಾರೆ, ಇನ್ನೊಂದು ಕಡೆ ಮುಟ್ಟಲೇಬೇಡಿ ಅಂತಾರೆ, ಓದಿ ಓದಿ ತಲೆ ಕೆಟ್ಟೋಗಿದೆ. ಐದು ವಾರದಿಂದ ಹಚ್ತಿದ್ದೀನಿ. ಮಗೂಗೆ ಏನಾದ್ರೂ ಆಗಿರುತ್ತಾ? ಹೆರಿಗೆ ಆದ್ಮೇಲೆ ಹಾಲು ಕುಡಿಸುವಾಗ ಹಚ್ಚಬಹುದಾ?

ಉತ್ತರ: ಮೊದಲು ಆ ಭಯ ಕಡಿಮೆ ಮಾಡ್ಕೊಳ್ಳಿ, ಆಮೇಲೆ ಉಳಿದಿದ್ದು ಮಾತಾಡೋಣ. ಐದು ವಾರ ಮುಖಕ್ಕೆ ಬಾಕುಚಿಯಾಲ್ ಸೀರಮ್ ಹಚ್ಚಿದ್ದರಿಂದ ಮಗೂಗೆ ತೊಂದ್ರೆ ಆಯ್ತು ಅಂತ ಹೇಳೋಕೆ ನನ್ನ ಹತ್ರ ಯಾವ ಕಾರಣಾನೂ ಇಲ್ಲ. ಅದಕ್ಕೋಸ್ಕರ ಬೇರೆ ಸ್ಕ್ಯಾನ್ ಮಾಡಿಸ್ಬೇಕಾಗಿಲ್ಲ, ನಿಮ್ಮ ಮಾಮೂಲಿ ಚೆಕಪ್ ಸಾಕು. ಅದಕ್ಕೂ ಮುಂಚೆ ಹಚ್ತಿದ್ದ ರೆಟಿನಾಲ್ ಬಗ್ಗೆನೂ ನಿದ್ದೆಗೆಡಬೇಡಿ. ಮೊದಲ ಮೂರು ತಿಂಗಳಲ್ಲಿ ಗೊತ್ತಿಲ್ದೆ ಈ ಜಾತಿಯ ಕ್ರೀಮ್ ಹಚ್ಚಿದ 654 ಗರ್ಭಿಣಿಯರ ಮಾಹಿತಿ ಒಟ್ಟುಗೂಡಿಸಿ 2015ರಲ್ಲಿ ಒಂದು ವಿಶ್ಲೇಷಣೆ ಬಂತು, ಹಚ್ಚದೇ ಇದ್ದವರಿಗೆ ಹೋಲಿಸಿದ್ರೆ ಅವರ ಮಕ್ಕಳಲ್ಲಿ ಹುಟ್ಟು ನ್ಯೂನತೆ ಗಮನಾರ್ಹವಾಗಿ ಜಾಸ್ತಿ ಕಾಣ್ಲಿಲ್ಲ. ಹಾಗಂತ ಹಚ್ಕೊಳ್ಳಿ ಅಂತ ಅರ್ಥ ಅಲ್ಲ, ಬಸುರಿ ಅಂತ ಗೊತ್ತಾದ ಮೇಲೆ ಬಿಡಲೇಬೇಕು, ನೀವು ಬಿಟ್ಟಿದ್ದು ಸರಿಯಾಗೇ ಇದೆ.

ರೆಟಿನಾಲ್ ಥರದ ಈ ವಿಟಮಿನ್ ಎ ಜಾತಿಯ ಔಷಧಿಗಳಿಗೆ ಇಷ್ಟು ಹೆದರೋದ್ಯಾಕೆ ಅಂದ್ರೆ, ಮೊಡವೆಗೆ ನುಂಗೋ ಐಸೊಟ್ರೆಟಿನಾಯಿನ್ ಮಾತ್ರೆ 1982ರಲ್ಲಿ ಅಮೆರಿಕದಲ್ಲಿ ಮಾರ್ಕೆಟ್‌ಗೆ ಬಂತು, ಸ್ವಲ್ಪ ದಿನದಲ್ಲೇ ಅದನ್ನ ತಗೊಂಡ ಗರ್ಭಿಣಿಯರ ಮಕ್ಕಳಲ್ಲಿ ಕಿವಿ, ಮುಖ, ಹೃದಯ, ಮೆದುಳಿನ ತೊಂದ್ರೆಗಳು ಕಾಣಿಸ್ಕೊಂಡ್ವು. ಮಾತ್ರೆ ಬೇರೆ, ಕ್ರೀಮ್ ಬೇರೆ, ಕ್ರೀಮಿಂದ ರಕ್ತಕ್ಕೆ ಸೇರೋದು ತೀರಾ ಕಡಿಮೆ. ಆದ್ರೂ ಯುರೋಪಿನ ಔಷಧ ಸಂಸ್ಥೆ 2018ರಲ್ಲಿ ಎಲ್ಲಾ ಮತ್ತೆ ಪರಿಶೀಲಿಸಿ, ಹಚ್ಚೋ ರೆಟಿನಾಯ್ಡ್ (ಅಂದ್ರೆ ಇದೇ ವಿಟಮಿನ್ ಎ ಜಾತಿಯ) ಔಷಧಿಗಳೂ ಗರ್ಭಿಣಿಯರಿಗೆ, ಮಗು ಬೇಕು ಅಂತ ಪ್ರಯತ್ನ ಪಡ್ತಿರೋರಿಗೆ ಬೇಡ ಅಂತ ಮುನ್ನೆಚ್ಚರಿಕೆಗೆ ಹೇಳ್ತು. ಆ ಖಾಲಿ ಜಾಗಕ್ಕೆ ಬಂದು ಕೂತಿರೋದೇ ನಿಮ್ಮ ಬಾಕುಚಿಯಾಲ್.

ಇದು ಬಾಕುಚಿ ಗಿಡದ ಬೀಜದಲ್ಲಿರೋ ಒಂದು ಅಂಶ. 1966ರಲ್ಲೇ ಬೇರ್ಪಡಿಸಿದ್ರು. ರೆಟಿನಾಲ್ ಥರ ಕೆಲಸ ಮಾಡುತ್ತೆ ಅಂತಾರಲ್ಲ, ಅದು ಪೂರ್ತಿ ಸುಳ್ಳಲ್ಲ. 44 ಜನರ ಮೇಲೆ 12 ವಾರ ನಡೆದ ಒಂದು ಅಧ್ಯಯನದಲ್ಲಿ 0.5% ಬಾಕುಚಿಯಾಲ್ ದಿನಕ್ಕೆ ಎರಡು ಸಲ ಹಚ್ಚಿದವರಿಗೂ 0.5% ರೆಟಿನಾಲ್ ಒಂದು ಸಲ ಹಚ್ಚಿದವರಿಗೂ ಸುಕ್ಕು, ಕಪ್ಪು ಕಲೆ ಹೆಚ್ಚುಕಮ್ಮಿ ಒಂದೇ ಥರ ಕಮ್ಮಿಯಾಯ್ತು, ರೆಟಿನಾಲ್‌ನವರಿಗೆ ಉರಿ, ಸಿಪ್ಪೆ ಏಳೋದು ಜಾಸ್ತಿ ಇತ್ತು. ಆದ್ರೆ ಅದು ಸುಕ್ಕಿನ ಅಧ್ಯಯನ, ಹೊಟ್ಟೆಯಲ್ಲಿರೋ ಮಗೂದಲ್ಲ. ಚರ್ಮದ ಮೇಲೆ ಕೆಲಸ ಒಂದೇ ಥರ ಆದ್ರೂ ರಾಸಾಯನಿಕವಾಗಿ ಇದು ವಿಟಮಿನ್ ಎ ಅಲ್ಲ, ಹಾಗಾಗಿ ಆ ಮಾತ್ರೆಯ ಅಪಾಯ ಇದಕ್ಕೂ ಇದೆ ಅನ್ನೋಕಾಗಲ್ಲ. ಅದೇ ಸಮಯಕ್ಕೆ, ಗರ್ಭಿಣಿಯರಿಗೆ ಕೊಟ್ಟು, ಮಕ್ಕಳನ್ನ ನೋಡಿ, ಏನೂ ಆಗಲ್ಲ ಅಂತ ತೋರಿಸಿರೋ ದೊಡ್ಡ ಅಧ್ಯಯನಾನೂ ಇಲ್ಲ. ತೊಂದ್ರೆ ಆಗಿದೆ ಅನ್ನೋ ಸುದ್ದಿ ಇಲ್ಲ ಅನ್ನೋದು ಒಂದು, ತೊಂದ್ರೆ ಆಗಲ್ಲ ಅಂತ ಪರೀಕ್ಷೆ ಮಾಡಿ ನೋಡಿದ್ದೀವಿ ಅನ್ನೋದು ಇನ್ನೊಂದು. ಬಾಟಲ್ ಮೇಲೆ ಸೇಫ್ ಅಂತ ಬರೆದೋರು ಮೊದಲನೇದನ್ನ ಎರಡನೇದು ಅಂದ್ಕೊಂಡು ಬರ್ದಿದ್ದಾರೆ, ನನಗೆ ಬೇಜಾರಾಗೋದು ಅಲ್ಲೇ.

ಈಗ ಒಂದು ಕೆಲಸ ಮಾಡಿ, ಬಾಟಲ್ ತಿರುಗಿಸಿ ಹಿಂದ್ಗಡೆ ಸಣ್ಣಕ್ಷರ ಓದಿ. ಕಳೆದ ವರ್ಷ ಐದು ತಿಂಗಳ ಗರ್ಭಿಣಿಯೊಬ್ರು ಎರಡೂ ಕೆನ್ನೆ ಕೆಂಪಗೆ ಮಾಡ್ಕೊಂಡು ಬಂದಿದ್ರು, ಗಲ್ಲದ ಕೆಳಗೆ ನೆರಳು ಬೀಳೋ ಜಾಗ ಮಾತ್ರ ಮೊದಲಿನ ಥರಾನೇ ಇತ್ತು, ಗೆರೆ ಎಳೆದಂಗೆ. ಬಾಕುಚಿಯಾಲ್ ಹಚ್ತಿದ್ದೀನಿ ಅಂದ್ರು. ಬ್ಯಾಗಿಂದ ಬಾಟಲ್ ತೆಗೆಸಿ ಮೊಬೈಲ್ ಟಾರ್ಚ್ ಹಾಕಿ ಓದಿದ್ರೆ ಒಳಗಿದ್ದಿದ್ದು ಬಾಕುಚಿಯಾಲ್ ಅಲ್ಲ, ಬಾಕುಚಿ ಬೀಜದ ಎಣ್ಣೆ. ಇವೆರಡೂ ಒಂದೇ ಅಲ್ಲ. ಬೀಜದಲ್ಲಿ ಸೋರಾಲೆನ್ ಅಂತ ಇರುತ್ತೆ, ಅದು ಚರ್ಮದ ಮೇಲಿದ್ದು ಬಿಸಿಲು ಬಿದ್ರೆ ಸುಟ್ಟ ಹಾಗೆ ಆಗುತ್ತೆ, ಆಮೇಲೆ ಕಪ್ಪು ಕಲೆ ಉಳಿಯುತ್ತೆ. ತೊನ್ನಿನ ಚಿಕಿತ್ಸೆಯಲ್ಲಿ ಸೋರಾಲೆನ್ ಕೊಟ್ಟು ಅಳತೆಯಾಗಿ ಅಲ್ಟ್ರಾವಯಲೆಟ್ ಬೆಳಕು ಬಿಡೋದು ಇದೇ ಗುಣ ಬಳಸ್ಕೊಂಡು. ಶುದ್ಧ ಮಾಡಿದ ಬಾಕುಚಿಯಾಲ್‌ನಲ್ಲಿ ಸೋರಾಲೆನ್ ತೆಗೆದಿರ್ತಾರೆ. ಹಾಗಾಗಿ ಲೇಬಲ್ ಮೇಲೆ ಬರೀ ಬಾಕುಚಿಯಾಲ್ ಅಂತಿದ್ರೆ ಒಂದು ಲೆಕ್ಕ, ಸೋರಾಲಿಯಾ ಕೋರಿಲಿಫೋಲಿಯಾ (ಬಾಕುಚಿ ಗಿಡದ ವೈಜ್ಞಾನಿಕ ಹೆಸರು) ಸೀಡ್ ಆಯಿಲ್ ಅಥವಾ ಸೀಡ್ ಎಕ್ಸ್‌ಟ್ರಾಕ್ಟ್ ಅಂತಿದ್ರೆ ಇವತ್ತೇ ಎತ್ತಿಟ್ಬಿಡಿ. ಹಾಗೇ ರೆಟಿನಾಲ್, ರೆಟಿನಾಲ್ಡಿಹೈಡ್, ರೆಟಿನೈಲ್ ಪಾಲ್ಮಿಟೇಟ್ ಥರ "ರೆಟಿನ್" ಅಂತ ಶುರುವಾಗೋ ಯಾವ ಹೆಸರಾದ್ರೂ ಇದ್ಯಾ ನೋಡಿ, ಕೆಲವು ಸೀರಮ್‌ನಲ್ಲಿ ಬಾಕುಚಿಯಾಲ್ ಜೊತೆ ಅದನ್ನೂ ಸೇರಿಸಿರ್ತಾರೆ.

ಬಾಕುಚಿ ಪುಡಿ, ಮಾತ್ರೆ, ಕಷಾಯ ಹೊಟ್ಟೆಗೆ ತಗೊಳ್ಳೋದು ಮಾತ್ರ ಬೇಡವೇ ಬೇಡ. ನುಂಗಿದವರಲ್ಲಿ ಲಿವರ್‌ಗೆ ಪೆಟ್ಟು ಬಿದ್ದ ಕೇಸ್‌ಗಳು ವರದಿಯಾಗಿವೆ, ಈಸ್ಟ್ರೋಜೆನ್ ಹಾರ್ಮೋನ್ ಥರ ನಡ್ಕೊಳ್ಳೋ ಗುಣ ಈ ಬೀಜದ ಅಂಶಗಳಿಗಿದೆ ಅಂತ ಲ್ಯಾಬ್‌ನಲ್ಲೂ ಕಂಡಿದೆ.

ಸರಿ, ಶುದ್ಧ ಬಾಕುಚಿಯಾಲೇ ಆಗಿದ್ರೆ ಮುಂದುವರಿಸಬಹುದಾ ಅಂದ್ರೆ, ನನ್ನ ಮಾತು ಕೇಳೋದಾದ್ರೆ ಹೆರಿಗೆ ಆಗೋವರೆಗೂ ಬಿಟ್ಬಿಡಿ. ಹೆದರಿ ಹೇಳ್ತಿಲ್ಲ, ಗರ್ಭಿಣಿಯರಲ್ಲಿ ವರ್ಷಗಟ್ಟಲೆ ಬಳಸಿ ಅನುಭವ ಇರೋ ಬೇರೆ ಕ್ರೀಮ್ ಇರುವಾಗ ಮಾಹಿತಿ ಇಲ್ಲದ್ದು ಯಾಕೆ ಬೇಕು ಅನ್ನೋದಷ್ಟೇ. ಮೊಡವೆ, ಬಂಗು ಎರಡಕ್ಕೂ ಅಝೆಲಾಯಿಕ್ ಆಸಿಡ್ ಆಗುತ್ತೆ. ಗಿಡಮೂಲದ್ದೇ ಬೇಕು ಅನ್ನೋರಿಗೆ ಹೇಳ್ತೀನಿ, ಈ ಆಸಿಡ್ ಗೋಧಿ, ಬಾರ್ಲಿಯಂಥ ಧಾನ್ಯದಲ್ಲೂ ಇರೋದೇ, ಹಚ್ಚಿದ್ರಲ್ಲಿ ನೂರಕ್ಕೆ ನಾಲ್ಕರಷ್ಟು ಮಾತ್ರ ಒಳಗೆ ಹೋಗುತ್ತೆ. ಮೊದಮೊದಲು ಚುರುಗುಟ್ಟುತ್ತೆ, ಅದಕ್ಕೆ ದಿನ ಬಿಟ್ಟು ದಿನ ಶುರು ಮಾಡಿ. ನಿಯಾಸಿನಮೈಡ್, ವಿಟಮಿನ್ ಸಿ ಕೂಡ ಪರವಾಗಿಲ್ಲ. ಬಸುರಿಯಲ್ಲಿ ಬರೋ ಬಂಗಿಗೆ ಸೀರಮ್‌ಗಿಂತ ಸನ್‌ಸ್ಕ್ರೀನ್ ಮುಖ್ಯ, ಝಿಂಕ್ ಆಕ್ಸೈಡ್ ಇರೋದು, ಅದರಲ್ಲೂ ಐರನ್ ಆಕ್ಸೈಡ್ ಬೆರೆಸಿದ ಬಣ್ಣದ್ದು ಸಿಕ್ಕಿದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಬಂಗನ್ನ ಕಣ್ಣಿಗೆ ಕಾಣೋ ಬೆಳಕೂ ಜಾಸ್ತಿ ಮಾಡುತ್ತೆ. ಹೈಡ್ರೋಕ್ವಿನೋನ್ ಇರೋ ಬಿಳುಪಿನ ಕ್ರೀಮ್ ಈಗ ಬೇಡ, ಅದು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಒಳಗೆ ಹೀರ್ಕೊಳ್ಳುತ್ತೆ.

ಹಾಲು ಕುಡಿಸೋ ವಿಷ್ಯಕ್ಕೆ ಬಂದ್ರೆ, ಆಗ ನಾನು ಸ್ವಲ್ಪ ಸಡಿಲ ಬಿಡ್ತೀನಿ. ಬಾಕುಚಿಯಾಲ್ ಎದೆಹಾಲಿಗೆ ಎಷ್ಟು ಸೇರುತ್ತೆ ಅಂತ ಅಳೆದು ನೋಡಿದ ಮಾಹಿತಿ ಇಲ್ಲ, ಆದ್ರೆ ಮುಖಕ್ಕೆ ಹಚ್ಚೋ ಎರಡು ಮೂರು ಹನಿ ರಕ್ತಕ್ಕೆ ಹೋಗಿ ಅಲ್ಲಿಂದ ಹಾಲಿಗೆ ಬರೋದು ತೀರಾ ಕಮ್ಮಿ ಇರ್ಬೇಕು. ನನ್ನ ಚಿಂತೆ ಹಾಲಿನದ್ದಲ್ಲ, ಮಗು ನೇರವಾಗಿ ನೆಕ್ಕೋದು, ಉಜ್ಜೋದು. ರಾತ್ರಿ ಸೀರಮ್ ಹಚ್ತೀರಿ, ಮಗು ಎದ್ದು ಅಳುತ್ತೆ, ಎತ್ಕೊಂಡು ಕೆನ್ನೆಗೆ ಕೆನ್ನೆ ಒತ್ತಿ ಸಮಾಧಾನ ಮಾಡ್ತೀರಿ, ಅದರ ಬಾಯಿ ನಿಮ್ಮ ಕತ್ತಿನ ಹತ್ರಾನೇ ಇರುತ್ತೆ. ಅದಕ್ಕೆ ಎದೆ, ಕತ್ತು, ಮೊಲೆತೊಟ್ಟಿನ ಸುತ್ತ ಯಾವ ಸೀರಮ್ಮೂ ಬೇಡ, ಹೊಟ್ಟೆಯ ಸ್ಟ್ರೆಚ್ ಮಾರ್ಕ್‌ಗೂ ಬಳಿಬೇಡಿ, ಜಾಗ ಜಾಸ್ತಿ ಆದಷ್ಟೂ ಒಳಗೆ ಹೋಗೋದೂ ಜಾಸ್ತಿ. ಮುಖಕ್ಕೆ ಮಾತ್ರ, ಹಾಲು ಕುಡಿಸಿ ಮಲಗಿಸಿದ ಮೇಲೆ ಹಚ್ಚಿ, ಕೈ ಸೋಪ್ ಹಾಕಿ ತೊಳ್ಕೊಳ್ಳಿ. ಮಗು ದಿನ ತುಂಬೋಕೆ ಮುಂಚೆ ಹುಟ್ಟಿದ್ರೆ ಮಕ್ಕಳ ಡಾಕ್ಟ್ರನ್ನ ಕೇಳದೇ ಶುರು ಮಾಡ್ಬೇಡಿ.

ಇನ್ನೊಂದು, ಬಾಕುಚಿಯಾಲಿಂದ ಅಲರ್ಜಿ ಆದವರೂ ಇದ್ದಾರೆ. ತುರಿಕೆ, ಸಣ್ಣ ಗುಳ್ಳೆ ಬಂದ್ರೆ ಚರ್ಮ ಹೊಂದ್ಕೊಳ್ತಿದೆ ಅಂತ ಕಾಯಬೇಡಿ, ನಿಲ್ಲಿಸಿ. ಮುಂದಿನ ಚೆಕಪ್‌ಗೆ ಹೋಗುವಾಗ ಆ ಬಾಟಲ್‌ನ ಹಿಂಬದಿ ಫೋಟೋ ತೆಗೆದಿಟ್ಕೊಂಡು ಹೋಗಿ, ನಿಮ್ಮ ಹೆರಿಗೆ ಡಾಕ್ಟ್ರಿಗೆ ತೋರಿಸಿ, ನೀವು ತಗೊಳ್ತಿರೋ ಬೇರೆ ಮಾತ್ರೆಗಳೆಲ್ಲ ಗೊತ್ತಿರೋದು ಅವರಿಗೇನೆ.