ಎಲ್ಲರೂ ಬಂದರೆ ಮಾತ್ರ ಆಟ: ಒಂದು ಆಪ್ತಸಲಹೆ ಪ್ರಕರಣ

ಈ ದೂರು ಕೇಳಿ ಕೆಲವರಿಗೆ ನಗು ಬರಬಹುದು. ಬಂದವರು ನಲವತ್ತರ ಹತ್ತಿರದ ಗಂಡಸು. ಕಾರವಾರದಲ್ಲಿ ಕೆಲಸ, ಮದುವೆಯಾಗಿದೆ, ಒಬ್ಬಳು ಮಗಳು. ಸುಧೀರ ಎಂದು ಕರೆಯುತ್ತೇನೆ. ಹೆಸರು, ಗೆಳೆಯರ ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಅವರನ್ನು ಕಳಿಸಿದ್ದು ಹೆಂಡತಿ. ಫೋನಿನಲ್ಲಿ ಆಕೆ ಹೇಳಿದ್ದು ಇಷ್ಟು: "ಶನಿವಾರ ಬಂತು ಅಂದ್ರೆ ಇವ್ರ ಮುಖ ನೋಡೋಕಾಗಲ್ಲ ಮೇಡಂ. ಊಟ ಬೇಡ, ಮಾತಿಲ್ಲ. ರಾತ್ರಿ ಎರಡಾದ್ರೂ ಫೋನ್ ಹಿಡ್ಕೊಂಡು ಕೂತಿರ್ತಾರೆ."

ಕುಡಿತ, ಸಾಲ, ಆನ್‌ಲೈನ್ ರಮ್ಮಿ. ನನ್ನ ಹತ್ತಿರ ಬರುವ ಶನಿವಾರದ ಸಂಕಟಗಳು ಸಾಮಾನ್ಯವಾಗಿ ಇವೇ. ಸುಧೀರ ಬ್ಯಾಗಿನಿಂದ ತೆಗೆದದ್ದು ಒಂದು ದಪ್ಪ ನೋಟ್‌ಬುಕ್. ಒಳಗೆ ಪೆನ್ಸಿಲ್ಲಿನಲ್ಲಿ ಬಿಡಿಸಿದ ನಕ್ಷೆ. ಒಂದು ನದಿ, ಅದು ಸಮುದ್ರ ಸೇರುವ ಕಡೆ ಗುಡ್ಡ, ಗುಡ್ಡದ ಮೇಲೆ ಪಾಳುಬಿದ್ದ ಕೋಟೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಯಾವ ಬಾಗಿಲಿನ ಹಿಂದೆ ಯಾರು ಕಾಯುತ್ತಿದ್ದಾರೆ, ಯಾರ ಕಿಸೆಯಲ್ಲಿ ಯಾವ ಕೀಲಿ ಇದೆ ಎಂಬ ಬರಹ. "ಕಾರವಾರದ ಸದಾಶಿವಗಡ ಅಲ್ವಾ ಇದು?" ಎಂದೆ. ಆವತ್ತು ಅವರು ನಕ್ಕಿದ್ದು ಅದೊಂದೇ ಸಲ.

ಅದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ತಯಾರಿ. ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಅಮೆರಿಕದಲ್ಲಿ 1974ರಲ್ಲಿ ಹೊರತಂದರು. ಮೇಜಿನ ಸುತ್ತ ಕೂತು ಬಾಯಲ್ಲೇ ಆಡುವ ಆಟ. ಒಬ್ಬರು ಕಥೆ ನಡೆಸುತ್ತಾರೆ, ಅವರಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ಉಳಿದವರು ಒಂದೊಂದು ಪಾತ್ರ. ನಾನು ಗೋಡೆ ಹತ್ತುತ್ತೇನೆ ಎಂದು ಒಬ್ಬ ಹೇಳಿದರೆ ಇಪ್ಪತ್ತು ಮುಖದ ದಾಳ ಉರುಳಿಸಿ ನೋಡಬೇಕು, ಹತ್ತಿದನೋ ಬಿದ್ದನೋ ಎಂದು. ಒಂದು ಬೈಠಕ್ಕಿಗೆ ಮೂರು ನಾಲ್ಕು ಗಂಟೆ ಆರಾಮಾಗಿ ಹೋಗುತ್ತದೆ. ಒಂದೇ ಕಥೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಮುಂದುವರಿಯುತ್ತದೆ.

ಸುಧೀರ ಕಥೆ ನಡೆಸುವವರು. ಆಡುವವರು ಐದು ಜನ. ಎಲ್ಲರೂ ಹುಬ್ಬಳ್ಳಿಯಲ್ಲಿ ಓದುವಾಗಿನ ಹಾಸ್ಟೆಲ್ ಕಾಲದ ಗುಂಪು. ಆಗ ರಾತ್ರಿಯಿಡೀ ಆಡಿ ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸುತ್ತಿದ್ದರಂತೆ. ಈಗ ಎಲ್ಲರೂ ಊರಿಗೆ ವಾಪಸ್ ಬಂದಿದ್ದಾರೆ. ಒಂದೇ ಜಿಲ್ಲೆ, ಉತ್ತರ ಕನ್ನಡ. ಇನ್ನೇನು ಬೇಕು ಎಂದು ಮತ್ತೆ ಶುರು ಮಾಡಿದರು. ಕುಮಟಾ ನಡುವೆ ಸಿಗುವ ಊರು ಎಂದು ಅಲ್ಲಿರುವ ಗೆಳತಿಯ ಮನೆಯ ಮಹಡಿ ಗೊತ್ತಾಯಿತು. ಮೊದಲ ಎರಡು ಶನಿವಾರ ಭರ್ಜರಿ ನಡೆಯಿತು. ಆಮೇಲೆ ಆಟಕ್ಕಿಂತ ಆಟದ ದಿನ ಹುಡುಕುವುದೇ ದೊಡ್ಡ ಕೆಲಸವಾಯಿತು.

ವಾಟ್ಸಾಪ್ ಗ್ರೂಪ್ ತೆರೆದು ತೋರಿಸಿದರು. "ಶನಿವಾರ 4 ಗಂಟೆ, ಕುಮಟಾ. ಯಾರ್ಯಾರು?" ಎಂದು ಸೋಮವಾರವೇ ಹಾಕಿದ್ದಾರೆ. ಒಂದು ಹೆಬ್ಬೆರಳು. ಬುಧವಾರ ಇನ್ನೊಂದು. ಶುಕ್ರವಾರ ರಾತ್ರಿ, "ನೈಟ್ ಶಿಫ್ಟ್ ಬಿತ್ತು ಮಾರಾಯ." ಶನಿವಾರ ಬೆಳಿಗ್ಗೆ, "ಕೊನೆಗೌಡ ಇವತ್ತೇ ಬಂದುಬಿಟ್ಟ, ಬಿಟ್ರೆ ಮತ್ತೆ ಸಿಗೋದಿಲ್ಲ." (ಕೊನೆಗೌಡ ಎಂದರೆ ಅಡಿಕೆ ಮರ ಹತ್ತಿ ಗೊನೆ ಇಳಿಸುವವನು.) ಒಬ್ಬನದು ನೀಲಿ ಟಿಕ್ ಮಾತ್ರ. ಮಧ್ಯಾಹ್ನ ಸುಧೀರ ಹಾಕಿದ್ದು, "ಹಾಗಾದ್ರೆ ಮುಂದಿನ ವಾರ?" ಅದಕ್ಕೆ ಐದು ನಿಮಿಷದಲ್ಲಿ ಎಲ್ಲರಿಂದಲೂ ಹೆಬ್ಬೆರಳು. ಒಬ್ಬ "ಅಡ್ಡಿಲ್ಲೆ" ಎಂದೂ ಸೇರಿಸಿದ್ದ. ತಿಂಗಳುಗಟ್ಟಲೆ ಇದೇ.

"ನಾನಂದ್ರೆ ಅವರಿಗೆ ಅಷ್ಟೇ ಮೇಡಂ," ಎಂದರು ಸುಧೀರ. "ಶಿರಸಿಯ ತೋಟದವನು ನೋಡಿ, ತಾಳಮದ್ದಳೆಗೆ ಹೋಗೋಕೆ ಟೈಮ್ ಇದೆ. ಫೋಟೋ ಹಾಕ್ತಾನೆ. ನಮ್ಮ ಆಟಕ್ಕೆ ಮಾತ್ರ ಇಲ್ಲ." (ತಾಳಮದ್ದಳೆ ಎಂದರೆ ವೇಷ, ಕುಣಿತ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ.)

ನನಗೆ ಕೆಲಸ ಮಾಡಬೇಕಿದ್ದದ್ದು ಈ ಮಾತಿನ ಮೇಲೆ. ಒಂದು ಹಾಳೆಯಲ್ಲಿ ಮೂರು ಕಾಲಂ ಹಾಕಿಸಿದೆ. ಏನು ನಡೆಯಿತು, ನಾನು ಏನೆಂದುಕೊಂಡೆ, ಬೇರೆ ಯಾವ ಕಾರಣ ಇರಬಹುದು. ನಮ್ಮ ಕೆಲಸದಲ್ಲಿ ಇದು ತೀರಾ ಮಾಮೂಲಿ ಸಲಕರಣೆ. ಎದುರಿನವರ ಮನಸ್ಸಿನಲ್ಲಿ ಇರುವುದನ್ನು ನಾವೇ ಓದಿದೆವು ಎಂದುಕೊಳ್ಳುವ ಅಭ್ಯಾಸ ಹಿಡಿಯಲು ಒಳ್ಳೆಯದು. ಎರಡನೆಯ ಕಾಲಂ ಸುಧೀರ ಎರಡು ನಿಮಿಷದಲ್ಲಿ ತುಂಬಿಸಿದರು. ಮೂರನೆಯದು ಖಾಲಿ. "ಮುಂದಿನ ಸಲ ಬರುವಾಗ ಒಬ್ಬೊಬ್ಬರ ವಾರ ಹೇಗಿರುತ್ತದೆ ಅಂತ ಕೇಳ್ಕೊಂಡು ಬನ್ನಿ. ಆಟದ ಮಾತು ಎತ್ತಬೇಡಿ," ಎಂದೆ.

ಅವರು ತಂದ ಹಾಳೆ ಓದಿದರೆ ನಮ್ಮ ಜಿಲ್ಲೆಯ ದುಡಿಮೆಯ ಚಿತ್ರವೇ ಸಿಗುತ್ತದೆ. ಒಬ್ಬನಿಗೆ ಕೈಗಾ ಅಣುವಿದ್ಯುತ್ ಸ್ಥಾವರದಲ್ಲಿ ಶಿಫ್ಟ್. ಅವನಿಗೆ ಶನಿವಾರವೂ ಒಂದೇ, ಮಂಗಳವಾರವೂ ಒಂದೇ. ಕುಮಟಾದ ಗೆಳತಿ ಬ್ಯಾಂಕಿನವಳು. 2015ರಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಉಳಿದ ಶನಿವಾರ ಪೂರ್ತಿ ಕೆಲಸ. ಗೋಕರ್ಣದವನದು ಹೋಂಸ್ಟೇ. ಬೆಂಗಳೂರಿನವರ ರಜೆ ಎಂದರೆ ಅವನ ದುಡಿಮೆ. ಎಲ್ಲರೂ ಬಿಡುವಾಗುವ ಶನಿವಾರ ರಾತ್ರಿಯೇ ಅವನಿಗೆ ಕೈ ಬಿಡುವಿಲ್ಲ. ತದಡಿಯವನಿಗೆ ಬೋಟಿನಲ್ಲಿ ಪಾಲಿದೆ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವಂತಿಲ್ಲ, 61 ದಿನ ನಿಷೇಧ. ಅವನಿಗೆ ನಿಜವಾದ ಬಿಡುವು ಆಗಲೇ. ಆದರೆ ಆ ಹೊತ್ತಿಗೆ ಮಳೆ. ಶಿರಸಿಯವನು ದೇವಿಮನೆ ಘಟ್ಟ ಇಳಿದು ಬರಬೇಕು. ಸುಧೀರ ಅಂಕೋಲಾ ದಾಟಿ ಹೋಗಬೇಕು. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಹೆದ್ದಾರಿಯ ಮೇಲೆ ಕುಸಿದು ಜನ ಸತ್ತ ಮೇಲೆ, ಮಳೆಗಾಲದ ರಾತ್ರಿ ಆ ದಾರಿಯಲ್ಲಿ ಬರಲು ಸುಧೀರರ ಹೆಂಡತಿ ಒಪ್ಪುವುದಿಲ್ಲ. ಅವರು ಹೇಳುವುದು ಸರಿ ಎಂದೇ ನನ್ನ ಅಭಿಪ್ರಾಯ ಕೂಡ.

ಇನ್ನು ಆ ಶಿರಸಿಯವನದೇ ಅಡಿಕೆ ತೋಟ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಬೇಕು, ಮಳೆ ಹೊಳವಾಗುವುದನ್ನೇ ಕಾಯಬೇಕು. ನವೆಂಬರ್ ನಂತರ ಕೊಯ್ಲು, ಸುಲಿಯುವುದು, ಒಣಗಿಸುವುದು. ಮರ ಹತ್ತುವ ಕೊನೆಗೌಡರು ಈಗ ಸಿಗುವುದೇ ಕಷ್ಟ. ಅವರು ಬಂದ ದಿನವೇ ಕೆಲಸದ ದಿನ. ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ ಬಂದರೆ ಮನೆ ತುಂಬ ನೆಂಟರು. ಮೂರನೆಯ ಕಾಲಂ ತುಂಬಿ ಹಾಳೆಯ ಹಿಂದಕ್ಕೂ ಹೋಗಿತ್ತು. ಅದರಲ್ಲಿ ಸುಧೀರರ ಮೇಲಿನ ಅಸಡ್ಡೆ ಒಂದು ಸಾಲಿನಲ್ಲೂ ಇರಲಿಲ್ಲ.

ಹಾಗೆಂದು ಎಲ್ಲ ದೋಷವನ್ನೂ ಕ್ಯಾಲೆಂಡರ್ ಮೇಲೆ ಹಾಕಿ ಸಮಾಧಾನ ಹೇಳುವುದು ನನಗೆ ಹಿಡಿಸಲಿಲ್ಲ. ಗುಂಪಿಗೆ ಒಂದು ನಿಯಮ ಇತ್ತು. ಯಾರೂ ಬರೆದಿಟ್ಟದ್ದಲ್ಲ, ಆದರೆ ಎಲ್ಲರೂ ಪಾಲಿಸುತ್ತಿದ್ದದ್ದು: ಒಬ್ಬ ಬರದಿದ್ದರೂ ಆಟ ಇಲ್ಲ. ಕ್ಯಾಲ್ಕ್ಯುಲೇಟರ್ ತೆಗೆದು ಲೆಕ್ಕ ಮಾಡಿದೆವು. ಪ್ರತಿಯೊಬ್ಬರೂ ಐದರಲ್ಲಿ ಮೂರು ಶನಿವಾರ ಬಿಡುವಾಗಿರುತ್ತಾರೆ, ಒಬ್ಬರ ಅಡಚಣೆಗೂ ಇನ್ನೊಬ್ಬರದಕ್ಕೂ ಸಂಬಂಧವಿಲ್ಲ ಎಂದಿಟ್ಟುಕೊಳ್ಳಿ. ಐದೂ ಜನ ಒಟ್ಟಿಗೆ ಸಿಗುವುದು ನೂರು ಶನಿವಾರದಲ್ಲಿ ಸುಮಾರು 8 ಸಲ. ವರ್ಷಕ್ಕೆ ನಾಲ್ಕು. ಅದೇ ಮೂರು ಜನ ಸಾಕು ಎಂದರೆ ನೂರಕ್ಕೆ 68 ಸಲ ಆಟ ನಡೆಯುತ್ತದೆ. ಜನ ಅದೇ, ಅಡಚಣೆ ಅದೇ. ಸುಧೀರ ಮತ್ತೊಮ್ಮೆ ತಾವೇ ಒತ್ತಿ ನೋಡಿದರು.

"ಆದ್ರೆ ಕಥೆ? ಒಬ್ಬನ ಪಾತ್ರ ಗುಹೆಯೊಳಗೆ ಇದ್ದಾಗ ಅವನೇ ಬರಲಿಲ್ಲ ಅಂದ್ರೆ?"

ಒಳ್ಳೆಯ ಪ್ರಶ್ನೆ. ಉತ್ತರ ತೋಟದ ಗೆಳೆಯನ ಫೋಟೋದಲ್ಲೇ ಇತ್ತು. ತಾಳಮದ್ದಳೆ ಯಾಕೆ ನಡೆಯುತ್ತದೆ ಎಂದು ಕೇಳಿದೆ. ಅವರಿಗೂ ಗೊತ್ತಿದ್ದದ್ದೇ. ದಿನ ಮೊದಲೇ ಗೊತ್ತಾಗಿರುತ್ತದೆ, ನಿಮಗೆ ಯಾವಾಗ ಅನುಕೂಲ ಎಂದು ಎಲ್ಲರನ್ನೂ ಕೇಳುತ್ತ ಕೂರುವುದಿಲ್ಲ. ಕೌರವನ ಅರ್ಥ ಹೇಳಬೇಕಾದವರು ಬಸ್ಸು ತಪ್ಪಿಸಿಕೊಂಡರೆ ಇದ್ದವರಲ್ಲೇ ಒಬ್ಬರು ಕೌರವನಿಗೆ ಕೂರುತ್ತಾರೆ. ಹಾಡುವ ಭಾಗವತರ ಮೇಲೆ ಚಹ ಮಾಡಿಸುವ, ಫೋನ್ ಮಾಡುವ ಕೆಲಸ ಇರುವುದಿಲ್ಲ. ಪ್ರಸಂಗ ಅದೇ ರಾತ್ರಿ ಮುಗಿಯುತ್ತದೆ. ಯಾರ ಪಾತ್ರವೂ ಮುಂದಿನ ತಿಂಗಳ ತನಕ ಗುಹೆಯಲ್ಲಿ ನೇತಾಡುವುದಿಲ್ಲ.

ಇದಕ್ಕೆ ಸುಧೀರ ತಮ್ಮ ಕಡೆಯಿಂದ ಒಂದು ಆಧಾರ ಹುಡುಕಿ ತಂದರು. ಅದು ನನಗೆ ಬಹಳ ಖುಷಿ ಕೊಟ್ಟಿತು. 1974ರ ಮೊದಲ ಪುಸ್ತಿಕೆಯಲ್ಲೇ ಒಬ್ಬ ನಡೆಸುವವನ ಕೈಕೆಳಗೆ ನಾಲ್ಕರಿಂದ ಐವತ್ತು ಜನ ಆಡಬಹುದು ಎಂದಿದೆಯಂತೆ. ಐವತ್ತೂ ಜನ ಪ್ರತಿ ಸಲ ಬರಲಿ ಎಂದು ಯಾವ ಪುಣ್ಯಾತ್ಮನೂ ಲೆಕ್ಕ ಹಾಕಿರಲಿಕ್ಕಿಲ್ಲ. ಬೆನ್ ರಾಬಿನ್ಸ್ ಎಂಬ ಇನ್ನೊಬ್ಬರು ವೆಸ್ಟ್ ಮಾರ್ಚಸ್ ಎಂಬ ಹೆಸರಿನಲ್ಲಿ ಬೇರೆಯೇ ರೀತಿ ನಡೆಸಿ, ಅದರ ಬಗ್ಗೆ 2007ರಲ್ಲಿ ಬರೆದಿದ್ದಾರೆ. ಅಲ್ಲಿ ದಿನವೂ ಗೊತ್ತಿಲ್ಲ, ತಂಡವೂ ಗೊತ್ತಿಲ್ಲ. ಆಡುವವರೇ ತಮ್ಮೊಳಗೆ ದಿನ ಗೊತ್ತು ಮಾಡಿ, ಎಲ್ಲಿಗೆ ಹೋಗಬೇಕೆಂದು ನಿರ್ಧರಿಸಿ ನಡೆಸುವವರಿಗೆ ತಿಳಿಸಬೇಕು. ಪ್ರತಿ ಬೈಠಕ್ಕಿನ ಕೊನೆಗೆ ಎಲ್ಲ ಪಾತ್ರಗಳೂ ಊರಿಗೆ ವಾಪಸ್ಸಾಗುತ್ತವೆ. ಮುಂದಿನ ಸಲ ಯಾರು ಬಂದರೂ ಊರಿನಿಂದಲೇ ಹೊರಡಬಹುದು. ಆಟ ಕಟ್ಟಿದವರಿಗೂ ಬೇಡದ ನಿಯಮವನ್ನು ಸುಧೀರ ತಲೆಯ ಮೇಲೆ ಹೊತ್ತಿದ್ದರು.

ನಾನು ಕೊಟ್ಟ ಸಲಹೆ ಹೀಗಿತ್ತು. ದಿನ ಕೇಳಬೇಡಿ, ಹೇಳಿ. ಬ್ಯಾಂಕಿನ ರಜೆ ನೋಡಿ ತಿಂಗಳ ಎರಡನೇ ಶನಿವಾರ ಎಂದು ಇಡೀ ವರ್ಷಕ್ಕೆ ಗೊತ್ತು ಮಾಡಿ, ಮೂರು ಜನ ಆದರೆ ಆಟ ಎಂದು ಸಾರಿಬಿಡಿ. ಶಿಫ್ಟಿನವನಿಗೆ ಮುಂಚೆಯೇ ದಿನ ಗೊತ್ತಿದ್ದರೆ ಜೊತೆಯವರ ಹತ್ತಿರ ಬದಲಾಯಿಸಿಕೊಳ್ಳಲು ದಾರಿಯಾದರೂ ಇರುತ್ತದೆ. ಮಳೆಗಾಲದಲ್ಲಿ ಕುಮಟಾ ಬಿಟ್ಟು ಫೋನಿನಲ್ಲೇ, ಎರಡು ಗಂಟೆ ಮಾತ್ರ. ಕರೆಂಟು, ನೆಟ್‌ವರ್ಕ್ ಹೋದರೆ ಅವತ್ತಿಗೆ ಅಷ್ಟೇ. ಜನ ಸೇರಿಸುವ ಕೆಲಸ ಬೇರೆಯವರಿಗೆ ಕೊಡಿ. ಕಥೆ ಕಟ್ಟುವವರೇ ಎಲ್ಲರ ಹಿಂದೆ ಬೀಳಬೇಕಾದಾಗ, ಬರದ ಪ್ರತಿಯೊಂದು ಉತ್ತರವೂ ತನ್ನ ಕಥೆಗೆ ಕೊಟ್ಟ ಮಾರ್ಕ್ಸ್ ಹಾಗೆ ಕಾಣುತ್ತದೆ. ಈ ಕೆಲಸವನ್ನು ಬ್ಯಾಂಕಿನ ಗೆಳತಿ ಒಂದೇ ಮಾತಿಗೆ ಒಪ್ಪಿಕೊಂಡಳು. "ಮೊದಲೇ ಹೇಳಬಾರದಿತ್ತನಾ ಮಾರಾಯ" ಎಂದಳಂತೆ.

ಒಂದು ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಯಿತು. ಆಟ ನಡೆಯದ ಶನಿವಾರಗಳನ್ನೂ ಸುಧೀರ ಆಟಕ್ಕೇ ಮೀಸಲಿಟ್ಟಿದ್ದರು. ಮಗಳು ಟ್ಯಾಗೋರ್ ಬೀಚಿಗೆ ಹೋಗೋಣ ಎಂದರೆ, "ಇವತ್ತು ಕುಮಟಾಕ್ಕೆ ಹೋಗೋದಿದೆ." ಆಮೇಲೆ ಕುಮಟಾವೂ ಇಲ್ಲ, ಬೀಚೂ ಇಲ್ಲ, ಮನೆಯಲ್ಲಿ ಮೂವರೂ ಮುಖ ಊದಿಸಿಕೊಂಡು ಕೂರುವುದು. ಹೆಂಡತಿಯ ಸಿಟ್ಟು ಆಟದ ಮೇಲೆ ಇರಲೇ ಇಲ್ಲ. ಒಂದು ಸಲ ಅವರನ್ನೂ ಕೂರಿಸಿ ಕೇಳಿದೆ. "ಆಡಲಿ ಮೇಡಂ, ಆಡಿ ಬಂದ ದಿನ ಎಷ್ಟು ಚೆನ್ನಾಗಿರ್ತಾರೆ ಗೊತ್ತಾ," ಎಂದರು. ಗುರುವಾರ ರಾತ್ರಿ ಒಂಬತ್ತಕ್ಕೆ ತೀರ್ಮಾನ ಎಂದು ಮಾತಾಯಿತು. ಮೂರು ಜನ ಆಗಲಿಲ್ಲ ಎಂದರೆ ಶನಿವಾರ ಮನೆಯದು. ಆಮೇಲೆ ಯಾರಾದರೂ "ಈಗ ಫ್ರೀ ಆದೆ" ಎಂದರೂ ಇಲ್ಲ.

ನೀಲಿ ಟಿಕ್ಕಿನ ಗೆಳೆಯನ ವಿಷಯ ಉಳಿದಿತ್ತು. ಗೋಕರ್ಣದವನು. ಅವನಿಗೆ ಗ್ರೂಪಿನಲ್ಲಿ ಬರೆಯದೆ ಒಬ್ಬನನ್ನೇ ಕಂಡು ಕೇಳಿ ಎಂದೆ. "ಬರ್ತೀಯಾ" ಎಂದು ಕೇಳಿದರೆ ನಮ್ಮ ಕಡೆ ಯಾರೂ ಇಲ್ಲ ಎನ್ನುವುದಿಲ್ಲ. ಹಾಗಾಗಿ ಪ್ರಶ್ನೆಯನ್ನು ತಿರುಗಿಸಿ ಕಳಿಸಿದೆ: "ನಿನಗೆ ಈ ಆಟ ಈಗ ಬೇಡವಾಗಿದ್ದರೆ ಹೇಳು, ನನಗೆ ಬೇಜಾರಿಲ್ಲ." ಅವನು ಚಹ ತಣ್ಣಗಾಗುವ ತನಕ ಸುಮ್ನೆ ಕೂತಿದ್ದು, ಹೌದು, ಬೇಡವಾಗಿದೆ ಎಂದನಂತೆ. ಒಂದು ವರ್ಷದಿಂದ ಹೇಳಬೇಕೆಂದಿದ್ದನಂತೆ. ಸುಧೀರರಿಗೆ ಬೇಜಾರಾಯಿತು, ಬೇಜಾರಿಲ್ಲ ಎಂದು ಹೇಳಿ ಬಂದಿದ್ದರೂ. ನನ್ನ ಮುಂದೆ ಕಣ್ಣು ತುಂಬಿಕೊಂಡರು. ಇಪ್ಪತ್ತು ವರ್ಷದ ಗೆಳೆತನದಲ್ಲಿ ಒಂದು ಅಭ್ಯಾಸ ಮುಗಿಯಿತು ಎಂದರೆ ಅದು ನಷ್ಟವೇ, ಅದನ್ನು ನಷ್ಟ ಎಂದೇ ಹೇಳಬೇಕು ಎನ್ನುವುದು ನನ್ನ ಮತ. ಲೆಕ್ಕ, ಕಾಲಂ ಯಾವುದೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಆ ಗೆಳೆಯ ಆಟ ಬಿಟ್ಟಿದ್ದಾನೆ, ಗುಂಪು ಬಿಟ್ಟಿಲ್ಲ. ಗಿರಾಕಿ ಕಡಿಮೆ ಇರುವ ಮಳೆಗಾಲದಲ್ಲಿ ಎಲ್ಲರನ್ನೂ ಊಟಕ್ಕೆ ಕರೆದಿದ್ದ.

ಈಗ ಆಟ ತಪ್ಪದೆ ನಡೆಯುತ್ತಿದೆ ಎಂದು ಹೇಳಲಾರೆ. ಕೊಯ್ಲಿನ ಕಾಲದಲ್ಲಿ ಎರಡು ತಿಂಗಳು ಮೂರು ಜನ ಸೇರಲೇ ಇಲ್ಲ. ಕೈಗಾದವನ ಪಾತ್ರ ಹೆಚ್ಚು ಕಾಲ ಕಥೆಯ ಊರಿನಲ್ಲೇ ಉಳಿದು ಅಲ್ಲಿ ಒಂದು ಖಾನಾವಳಿ ಹಾಕಿಕೊಂಡಿದೆ. ಉಳಿದವರು ಗುಹೆಯಿಂದ ಬಂದು ಅಲ್ಲಿ ಸಾಲ ಮಾಡಿ ಉಣ್ಣುತ್ತಾರಂತೆ. ಅವನು ಬಂದ ದಿನ ವಸೂಲಿಗೆ ನಿಲ್ಲುತ್ತಾನೆ. ಸುಧೀರರ ನಿದ್ದೆ ಸರಿಯಾಗಿದೆ. ಕೊನೆಯ ಭೇಟಿಯಲ್ಲಿ ಆಟದ ಮಾತು ಹತ್ತು ನಿಮಿಷಕ್ಕೆ ಮುಗಿಯಿತು. ಉಳಿದ ಹೊತ್ತೆಲ್ಲ ಮಗಳನ್ನು ಹೈಸ್ಕೂಲಿಗೆ ಎಲ್ಲಿ ಸೇರಿಸುವುದು ಎಂಬ ಚರ್ಚೆ. ಅದರಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಮ್ಮತ ಇರಲಿಲ್ಲ.