ವಿಜ್ಞಾನ ಪ್ರಶ್ನೋತ್ತರ: ತೈಲ ನಿಕ್ಷೇಪದೊಳಗೆ ಒಂದು ನಡಿಗೆ

ಪ್ರಶ್ನೆ: ಪೆಟ್ರೋಲಿಯಂ ಎಂಜಿನಿಯರುಗಳು ವರ್ಚುವಲ್ ರಿಯಾಲಿಟಿ ಹೆಡ್‌ಸೆಟ್ ಧರಿಸಿ ತೈಲ ನಿಕ್ಷೇಪದೊಳಗೆ ‘ನಡೆದಾಡುತ್ತಾರೆ’ ಎಂದು ಓದಿದ್ದೇನೆ. ಅವರಿಗೆ ಅಲ್ಲಿ ಕಾಣುವುದೇನು? ಸಾಮಾನ್ಯ ಕಂಪ್ಯೂಟರ್ ಪರದೆ ಸಾಲದೆ?
– ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಅವರಿಗೆ ಕಾಣುವುದು ಸಿಮ್ಯುಲೇಶನ್ ಲೆಕ್ಕಾಚಾರದ ಫಲಿತಾಂಶ. ತೈಲವು ಭೂಮಿಯೊಳಗೆ ಕೆರೆಯಂತೆ ನಿಂತಿರದೆ ಮರಳುಗಲ್ಲು, ಸುಣ್ಣಕಲ್ಲುಗಳ ಸೂಕ್ಷ್ಮ ರಂಧ್ರಗಳಲ್ಲಿ ಅಡಗಿರುವುದರಿಂದ, ಆ ಶಿಲೆಯನ್ನು ಕಂಪ್ಯೂಟರಿನಲ್ಲಿ ಲಕ್ಷಾಂತರ ಕೋಶಗಳಾಗಿ ವಿಂಗಡಿಸಿ, ಪ್ರತಿ ಕೋಶಕ್ಕೂ ಸರಂಧ್ರತೆ (ಶಿಲೆಯಲ್ಲಿ ರಂಧ್ರಗಳ ಪಾಲು), ಪಾರಗಮ್ಯತೆ (ದ್ರವವನ್ನು ಹರಿಯಗೊಡುವ ಗುಣ), ಒತ್ತಡ ಹಾಗೂ ತೈಲ-ನೀರಿನ ಪ್ರಮಾಣವನ್ನು ಕೊಟ್ಟು, ದ್ರವವು ಕೋಶದಿಂದ ಕೋಶಕ್ಕೆ ಹರಿಯುವ ಬಗೆಯನ್ನು ಲೆಕ್ಕ ಹಾಕುತ್ತಾರೆ.

ಸೊಸೈಟಿ ಆಫ್ ಪೆಟ್ರೋಲಿಯಂ ಎಂಜಿನಿಯರ್ಸ್‌ನ ಹತ್ತನೆಯ ತುಲನಾತ್ಮಕ ಅಧ್ಯಯನಕ್ಕಾಗಿ (ಬೇರೆ ಬೇರೆ ಲೆಕ್ಕಾಚಾರ ವಿಧಾನಗಳನ್ನು ಒಂದೇ ಮಾದರಿಯ ಮೇಲೆ ಹೋಲಿಸುವ ಅಧ್ಯಯನ) 2001ರಲ್ಲಿ ಪ್ರಕಟವಾದ, ಉತ್ತರ ಸಮುದ್ರದ ಬ್ರೆಂಟ್ ಶಿಲಾಸ್ತರಗಳನ್ನು ಆಧರಿಸಿದ ಮಾದರಿಯನ್ನೇ ನೋಡಿ. ಅದರಲ್ಲಿ 60 × 220 × 85, ಅಂದರೆ 11,22,000 ಕೋಶಗಳಿವೆ. ಇದನ್ನು ಹಾಗೆಯೇ ಪರದೆಯ ಮೇಲೆ ಬಿಡಿಸಿದರೆ ಕಾಣಸಿಗುವುದು ಹೊರಮೈಯ 74,000 ಮುಖಗಳು ಮಾತ್ರ. ಮುಖ್ಯ ಸಂಗತಿ ಇರುವುದು ಒಳಗೆ. ಕೆಳಗಿನ 50 ಪದರಗಳಲ್ಲಿ ಪುರಾತನ ನದಿಪಾತ್ರಗಳು ಹಾವಿನಂತೆ ಹೊರಳಿಕೊಂಡಿದ್ದು, ತೈಲವನ್ನು ತಳ್ಳಲು ಬಾವಿಯಿಂದ ನುಗ್ಗಿಸಿದ ನೀರು ಇವುಗಳ ಮೂಲಕವೇ ಉತ್ಪಾದನಾ ಬಾವಿಗೆ ಧಾವಿಸಿ, ಅಕ್ಕಪಕ್ಕದ ತೈಲವನ್ನು ಇದ್ದಲ್ಲೇ ಬಿಟ್ಟುಬಿಡುತ್ತದೆ. ಆದ್ದರಿಂದ ಪಾರಗಮ್ಯತೆ ಹೆಚ್ಚಿರುವ ಕೋಶಗಳನ್ನಷ್ಟೇ ಉಳಿಸಿಕೊಂಡು ಮಿಕ್ಕವನ್ನು ಮರೆಮಾಡುತ್ತಾರೆ. ಆಗ ಚಪ್ಪಟೆ ಪರದೆಯಲ್ಲಿ ಯಾವ ಪಾತ್ರ ಮುಂದಿದೆ, ಯಾವುದು ಹಿಂದಿದೆ, ಎರಡೂ ಎಲ್ಲಾದರೂ ಕೂಡುತ್ತವೆಯೇ ಎಂಬುದು ಗೋಜಲಾಗುತ್ತದೆ. ಎರಡು ಕಣ್ಣಿಗೂ ಪ್ರತ್ಯೇಕ ಚಿತ್ರವಿದ್ದು, ತಲೆ ವಾಲಿಸಿದಂತೆ ನೋಟವೂ ಬದಲಾದರೆ ಆ ಗೋಜಲು ಬಹುಮಟ್ಟಿಗೆ ಬಿಡಿಸಿಕೊಳ್ಳುತ್ತದೆ. ನನ್ನ ದೃಷ್ಟಿಯಲ್ಲಿ ಈ ತಂತ್ರಜ್ಞಾನಕ್ಕೆ ಮಾಡುವ ಖರ್ಚು ಸಾರ್ಥಕವಾಗುವುದು ಇಲ್ಲಿಯೇ. ಒತ್ತಡದ ಇಳಿಕೆ ಅಥವಾ ಬಾವಿಯ ದಿನನಿತ್ಯದ ಉತ್ಪಾದನೆಯನ್ನು ತಿಳಿಯಲು ಸರಳ ರೇಖಾನಕ್ಷೆಯೇ ಉತ್ತಮ.

ಷಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದವರು 1992ರಲ್ಲಿ ಪ್ರದರ್ಶಿಸಿದ ‘ಕೇವ್’, ಗೋಡೆಗಳೇ ಪರದೆಯಾಗಿರುವ ಕೋಣೆ. ಭೂವಿಜ್ಞಾನಿಯೂ ಕೊರೆಯುವ ಎಂಜಿನಿಯರೂ ಅದರೊಳಗೆ ಒಟ್ಟಿಗೆ ನಿಂತು ವಾದಿಸಬಹುದಿತ್ತು. ಒಬ್ಬೊಬ್ಬರೇ ಧರಿಸುವ ಹೆಡ್‌ಸೆಟ್ ಅಗ್ಗವಾದರೂ ಆ ಅನುಕೂಲ ಅದರಲ್ಲಿ ಅಷ್ಟು ಸಲೀಸಾಗಿ ದೊರೆಯದು.

ಪ್ರಶ್ನೆ: ಇಂತಹ ಚಿತ್ರಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು?
– ನಿವೃತ್ತ ಶಿಕ್ಷಕರು, ಮೈಸೂರು

ಉತ್ತರ: ಕಣ್ಣಿಗೆ ಕಟ್ಟುವಂತಿರುವ ಕಾರಣದಿಂದಲೇ ಇವುಗಳನ್ನು ಅನುಮಾನದಿಂದ ನೋಡಬೇಕು. ನಿಕ್ಷೇಪಗಳು ಕಿಲೋಮೀಟರುಗಟ್ಟಲೆ ಹರಡಿದ್ದರೂ ಅವುಗಳ ದಪ್ಪ ಹಲವೊಮ್ಮೆ ಕೆಲವೇ ಹತ್ತು ಮೀಟರ್ ಇರುವುದರಿಂದ, ಎತ್ತರವನ್ನು ಐದು-ಹತ್ತು ಪಟ್ಟು ಹಿಗ್ಗಿಸಿ ತೋರಿಸುವುದು ರೂಢಿ. ಐದು ಪಟ್ಟು ಹಿಗ್ಗಿಸಿದಾಗ 60 ಡಿಗ್ರಿ ಓರೆಯಾದ ಸ್ತರಭಂಗವು (ಶಿಲಾಪದರಗಳು ಮುರಿದು ಜಾರಿದ ಬಿರುಕು) 83 ಡಿಗ್ರಿಯ ಕಡಿದಾದ ಗೋಡೆಯಾಗುತ್ತದೆ. ಹತ್ತು ಪಟ್ಟಾದರೆ 3 ಡಿಗ್ರಿಯ ಇಳಿಜಾರು 28 ಡಿಗ್ರಿಯಾಗಿ ಕಾಣುತ್ತದೆ. ಪರದೆಯ ಮೇಲೆ ಇದನ್ನು ನೆನಪಿಟ್ಟುಕೊಳ್ಳುವುದು ಸುಲಭ, ಅದರೊಳಗೇ ನಿಂತವರಿಗೆ ಕಷ್ಟ. ಕೋಶಗಳ ಮೌಲ್ಯಗಳನ್ನು ಕಾಮನಬಿಲ್ಲಿನ ಬಣ್ಣಗಳಲ್ಲಿ ತೋರಿಸುವುದರಲ್ಲೂ ಇಂಥದೇ ತೊಡಕಿದೆ: ಮೌಲ್ಯಗಳು ನಿಧಾನವಾಗಿ ಏರುತ್ತಿದ್ದರೂ ಹಳದಿ ಪಟ್ಟಿಯ ಅಂಚಿನಲ್ಲಿ ಇಲ್ಲದ ಗಡಿಯೊಂದು ಕಂಡುಬಿಡುತ್ತದೆ. ಇದಲ್ಲದೆ, ಶಿಲೆಯನ್ನು ನೇರವಾಗಿ ಅಳೆದಿರುವುದು ಬಾವಿಗಳಲ್ಲಿ ಮಾತ್ರ. ನಡುವಿನ ಕೋಶಗಳ ಮೌಲ್ಯಗಳು ಭೂಕಂಪನ ಸರ್ವೇಕ್ಷಣೆಯನ್ನೂ (ನೆಲದೊಳಗೆ ಕಳಿಸಿದ ಕಂಪನಗಳ ಪ್ರತಿಧ್ವನಿಯನ್ನು ಅಳೆಯುವುದು) ಸಂಖ್ಯಾಶಾಸ್ತ್ರವನ್ನೂ ಆಧರಿಸಿದ ಅಂದಾಜುಗಳು. ಹಾಗಾಗಿ ಒಂದೇ ನಿಕ್ಷೇಪಕ್ಕೆ ಹಲವು ಮಾದರಿಗಳನ್ನು ರಚಿಸಿ ಹೋಲಿಸುತ್ತಾರೆ.

ಪ್ರಶ್ನೆ: ಇದನ್ನು ಮನೆಯಲ್ಲೇ ಕಲಿಯಬಹುದೇ?
– ಓದುಗರು, ಬಳ್ಳಾರಿ

ಉತ್ತರ: ಖಂಡಿತ. ನಾರ್ವೆಯಲ್ಲಿ 2008ರಿಂದ 2016ರವರೆಗೆ ತೈಲ ನೀಡಿದ ವೋಲ್ವೆ ಕ್ಷೇತ್ರದ ದತ್ತಾಂಶವನ್ನು ಈಕ್ವಿನಾರ್ ಕಂಪನಿ 2018ರಲ್ಲಿ ಸಾರ್ವಜನಿಕರಿಗೆ ಮುಕ್ತಗೊಳಿಸಿತು. ಸಿಮ್ಯುಲೇಶನ್ ಫಲಿತಾಂಶಗಳನ್ನು ಮೂರು ಆಯಾಮಗಳಲ್ಲಿ ನೋಡಲು ರೆಸ್‌ಇನ್‌ಸೈಟ್ ಎಂಬ ಮುಕ್ತ ತಂತ್ರಾಂಶವಿದೆ. ಅದಕ್ಕೆ ಹೆಡ್‌ಸೆಟ್ ಬೇಕಿಲ್ಲ.