ಇಬ್ಬರನ್ನೇ ಆರಿಸಬೇಕಾದರೆ
ಶಾಸ್ತ್ರೀಯದಲ್ಲಿ ಒಬ್ಬರು, ಅದರಾಚೆ ಒಬ್ಬರು, ಇಬ್ಬರೇ ಗಾಯಕರನ್ನು ಹೇಳಿ ಅಂದಿದ್ದೀರಿ. ಕಷ್ಟ ಕಣ್ರೀ!

ನನಗೆ ಮೊದಲು ಗಂಗೂಬಾಯಿ ಹಾನಗಲ್. 1930ರ ದಶಕದ ಅವರ ರೆಕಾರ್ಡ್ ಹಾಕಿ, ತೆಳುವಾದ ದನಿ ಕೇಳಿಸುತ್ತೆ. ಆಮೇಲೆ ಗಂಟಲಿನ ಚಿಕಿತ್ಸೆಯಾಗಿ ದನಿ ಗಡುಸಾಯಿತು. ಬೇರೆಯವರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೋ ಏನೋ. ಇವರು ಆ ದನಿಯಲ್ಲೇ ಹಿಂದೂಸ್ತಾನಿ ಸಂಗೀತದ ಒಂದು ಪರಂಪರೆಯಾದ ಕಿರಾಣಾ ಘರಾಣೆಯ ಗಾಯನವನ್ನು ಬೆಳೆಸಿದರು. ಮೊದಲ ಸಲ ಕೇಳಿದಾಗ ಹಾಡುತ್ತಿರುವುದು ಗಂಡಸು ಅಂದುಕೊಂಡಿದ್ದೆ! ವಿಲಂಬಿತದಲ್ಲಿ, ಅಂದರೆ ನಿಧಾನ ಲಯದಲ್ಲಿ, ಒಂದೊಂದೇ ಸ್ವರ ಇಡುತ್ತಾ ಹೋಗುತ್ತಾರೆ, ಅವಸರವೇ ಇಲ್ಲ.

ಸಿನಿಮಾದಲ್ಲಿ ಪಿ.ಬಿ. ಶ್ರೀನಿವಾಸ್. ಕಿವಿಯ ಹತ್ತಿರ ಮೆಲ್ಲಗೆ ಮಾತಾಡಿದ ಹಾಗೆ ಹಾಡುತ್ತಾರೆ. ರಾಜ್‌ಕುಮಾರ್ ಅವರೇ ಹಾಡೋಕೆ ಶುರುಮಾಡುವ ಮೊದಲು ಎಷ್ಟೋ ಚಿತ್ರಗಳಲ್ಲಿ ಅವರಿಗೆ ದನಿಯಾಗಿದ್ದವರು ಇವರೇ ಅಲ್ವಾ. ಎಸ್. ಜಾನಕಿ ಅವರನ್ನು ಬಿಟ್ಟಿದ್ದಕ್ಕೆ ಮಾತ್ರ ಸ್ವಲ್ಪ ಬೇಜಾರು.